ಈರಣ್ಣನ ಮಿಷನ್ನು ಮತ್ತು ಸೊಂಡಿಲಿಲ್ಲದ ಆನೆ

ಈರಣ್ಣ ಯಾರ ಮನೆಗೆ ಬಂದರೂ ಮೊದಲು ಮಾತಾಡಿಸುತ್ತಿದ್ದದ್ದು ಗೋಡೆಯನ್ನು. ಚಪ್ಪಲಿ ಬಿಟ್ಟು ಒಳಗೆ ಬಂದವನೇ ಎದುರಿಗೆ ಸಿಕ್ಕ ಗೋಡೆಯ ಬಳಿ ಹೋಗಿ, ಬೆರಳು ಮಡಿಸಿ ಗೆಣ್ಣಿನಿಂದ ಮೂರು ಸಲ ತಟ್ಟಿ, ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದ. ಆಮೇಲೆ "ಹೂಂ" ಎಂದು ತಲೆಯಾಡಿಸಿ, ಮನೆಯವರ ಕಡೆ ತಿರುಗಿ "ಚೆನ್ನಾಗಿದೀರಾ?" ಎನ್ನುತ್ತಿದ್ದ. ಅಷ್ಟು ಹೊತ್ತಿಗೆ ಮನೆಯವರಿಗೆ ತಾವು ಚೆನ್ನಾಗಿದ್ದೇವೋ ಇಲ್ಲವೋ ಎಂದು ಅನುಮಾನ ಬಂದಿರುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಳೇಬೀಡಿನ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದು, ಅವನ ಪಕ್ಕದ ಮನೆಯನ್ನೇ ಬಾಡಿಗೆಗೆ ಹಿಡಿದೆ. ಟ್ಯೂಬ್‌ಲೈಟ್ ಹಾಕಿಕೊಡಿ ಎಂದು ಕರೆದರೆ ಬಂದು ಗೋಡೆಗೆ ಕಿವಿಯಿಟ್ಟು ನಿಂತ. ನನಗೆ ಮೊದಲೇ ಸಹನೆ ಕಡಿಮೆ.

"ನಾನು ಕರೆದದ್ದು ಲೈಟಿಗೆ. ಗೋಡೆಗೇನು ಜ್ವರ ಬಂದಿಲ್ಲ" ಎಂದೆ.

"ಜ್ವರ ಇಲ್ಲ ಟೀಚರಮ್ಮ, ಒಳಗೆ ಗಾಳಿ ಸೇರ್ಕೊಂಡೈತೆ. ಇಲ್ಲಿ ಮೊಳೆ ಹೊಡೆದ್ರೆ ಗಾರೆ ಎಲ್ಲ ನಿಮ್ಮ ಅನ್ನದ ತಟ್ಟೆಗೇ ಬೀಳೋದು."

ನನಗೆ ಸಿಟ್ಟು ಬಂತು. ಮಾರನೇ ವಾರ ಹಟಕ್ಕೆ ಬಿದ್ದು ಅಲ್ಲೇ ಮೊಳೆ ಹೊಡೆದೆ. ತಟ್ಟೆಗೇ ಬಿತ್ತು.

ವೈರಿಂಗು, ನಲ್ಲಿ ಪೈಪು, ಫ್ಯಾನಿನ ಕೊಕ್ಕೆ, ಹೀಗೆ ಗೋಡೆಗೆ ತೂತು ಬೇಕಾದ ಕೆಲಸವೆಲ್ಲ ಅವನದೇ. ಹಳೇಬೀಡಿನಿಂದ ಮಾದಿಹಳ್ಳಿಯವರೆಗೂ ಅವನು ಕೊರೆಯದ ಮನೆ ಇರಲಿಲ್ಲ. ಆದರೆ ಸುಮ್ಮನೆ ತೂತು ಹೊಡಿ ಎಂದರೆ ಹೊಡೆಯುವವನಲ್ಲ. ಎರಡು ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. "ಏನ್ ನೇತಾಕ್ತೀರಾ?" ಎನ್ನುವುದು ಒಂದು. "ದಿನಾ ಮುಟ್ಟೋರು ಯಾರು?" ಎನ್ನುವುದು ಇನ್ನೊಂದು. ದಿನಾ ಮುಟ್ಟುವವರು ಬಂದು ಗೋಡೆಗೆ ಅಂಟಿ ನಿಂತು ಕೈ ಎತ್ತಬೇಕು. ಬೆರಳ ತುದಿ ಎಲ್ಲಿಗೆ ಬಂತೋ ಅಲ್ಲಿಗೆ, ಕಿವಿಯ ಸಂದಿನಿಂದ ಪೆನ್ಸಿಲ್ ತುಂಡು ತೆಗೆದು ಗುರುತು ಹಾಕುತ್ತಿದ್ದ. ನನ್ನ ಕ್ಯಾಲೆಂಡರಿಗೂ ಹಾಗೇ ನಿಲ್ಲಿಸಿದ.

"ಹಿಮ್ಮಡಿ ಎತ್ತಬ್ಯಾಡಿ ಟೀಚರಮ್ಮ."

"ಒಂದು ಚೂರು ಎತ್ತಿದರೆ ಏನಾಗುತ್ತೆ?"

"ಇವತ್ತು ಎತ್ತೀರಿ. ದಿನಾ ಎತ್ತಾಕಾಗ್ತದಾ?"

ನಮ್ಮ ಬೀದಿಯ ಒಂದು ಮನೆಯಲ್ಲಿ ದೇವರ ಫೋಟೋ ಹಾಕಲು ಹೋಗಿ ಅರ್ಧ ದಿನ ಸಿಕ್ಕಿಹಾಕಿಕೊಂಡಿದ್ದ. ಪೂಜೆ ಮಾಡೋರು ಯಾರು ಎಂದರೆ ಅತ್ತೆಯೂ ಕೈ ಎತ್ತಿದಳು, ಸೊಸೆಯೂ ಕೈ ಎತ್ತಿದಳು. ಅತ್ತೆ ಗಿಡ್ಡ, ಸೊಸೆ ಉದ್ದ. ಇಬ್ಬರೂ ಕೈ ಇಳಿಸಲು ಒಪ್ಪಲಿಲ್ಲ. ಕೊನೆಗೆ ಎರಡು ತೂತು ಹೊಡೆದು ಬಂದ. ಆ ಮನೆಯ ದೇವರು ಬೆಳಿಗ್ಗೆ ಅತ್ತೆಯ ಎತ್ತರದಲ್ಲಿ, ಸಂಜೆ ಸೊಸೆಯ ಎತ್ತರದಲ್ಲಿ ಇರುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ಊರಿಗೆಲ್ಲ ಇಷ್ಟು ಅಳತೆ ಮಾಡುವವನ ಸ್ವಂತ ಮನೆಯಲ್ಲಿ ಮಾತ್ರ ಎಲ್ಲವೂ ಅವನದೇ ಎತ್ತರಕ್ಕೆ ಇದ್ದವು. ಅವನು ಆರಡಿ. ಮದುವೆಗೆ ಮುಂಚೆ ಹಾಕಿದ್ದ ಸ್ವಿಚ್ಚು, ಗೂಟ, ಗೂಡು ಯಾವುದನ್ನೂ ಕದಲಿಸಿರಲಿಲ್ಲ. ಹೆಂಡತಿ ಗೌರಮ್ಮ ಅವನ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ಒಂದು ಮರದ ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಮನೆ ತುಂಬ ಓಡಾಡುತ್ತಿದ್ದಳು. ಲೈಟ್ ಹಾಕಲು ಸ್ಟೂಲು, ಉಪ್ಪಿನ ಡಬ್ಬಿಗೆ ಸ್ಟೂಲು.

"ಊರೋರ ಕೈಯೆಲ್ಲ ಅಳೀತಾರೆ, ಕಟ್ಕೊಂಡೋಳ ಕೈ ಒಂದ್ ದಿನ ಅಳ್ದಿಲ್ಲ" ಎಂದು ಅವಳು ನನ್ನ ಮುಂದೆ ಗೊಣಗುತ್ತಿದ್ದಳು. ಈರಣ್ಣ ಕೇಳಿಸದವನ ಹಾಗೆ ಬೀಡಿ ಹುಡುಕುತ್ತಿದ್ದ.

ಇಷ್ಟೆಲ್ಲ ತೂತುಗಳನ್ನೂ ಅವನು ಕೊರೆದದ್ದು ಚಾಣ ಮತ್ತು ಸುತ್ತಿಗೆಯಲ್ಲಿ. ಮೂವತ್ತು ವರ್ಷ ಹೊಡೆದೂ ಹೊಡೆದೂ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ಗೋಡೆ ತಟ್ಟಿದರೆ ಸದ್ದು ಕೇಳುತ್ತದೆ, ಗೆಣ್ಣಿಗೆ ಗೋಡೆ ಗೊತ್ತಾಗುವುದಿಲ್ಲ. ಬೇಲೂರಿನ ಡಾಕ್ಟರು, ಇನ್ನು ಸುತ್ತಿಗೆ ಹಿಡಿದರೆ ಕೈ ಹೋಗುತ್ತದೆ ಎಂದು ನೇರವಾಗಿ ಹೇಳಿಬಿಟ್ಟರು. ಅದೇ ಹೊತ್ತಿಗೆ ನಮ್ಮ ಸ್ಕೂಲಿನ ಮೇಲಂತಸ್ತು ಎದ್ದಿತ್ತು. ಪೂರಾ ಕಾಂಕ್ರೀಟು. ಅದರ ವೈರಿಂಗನ್ನು ಕಂಟ್ರಾಕ್ಟರು ಈರಣ್ಣನಿಗೇ ಒಪ್ಪಿಸಿ, "ಎರಡು ವಾರದಲ್ಲಿ ತೂತು ಕೊರೆಯೋ ಮಿಷನ್ ತಗೊಂಡು ಶುರು ಮಾಡು. ಆಗಲ್ಲ ಅಂದ್ರೆ ಹಾಸನದೋರು ಬತ್ತಾರೆ" ಎಂದಿದ್ದರು.

ಒಂದು ಸಂಜೆ ಜಗಲಿಯಲ್ಲಿ ಕೂತು ಅಂಗೈಯನ್ನು ಮುಚ್ಚಿ ಬಿಚ್ಚಿ ಮಾಡುತ್ತ, "ಈ ಕೆಲಸ ಹೋದ್ರೆ ಕೈ ಹೋದಂಗೇಯಾ. ಮನೇಲಿ ಕೂತು ಯಾವ ಗೋಡೆ ನೋಡ್ಲಿ ಟೀಚರಮ್ಮ?" ಎಂದ.

ನನ್ನ ತವರು ಅರಸೀಕೆರೆ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಮಿಷನ್ನು ಮಾರುವ ದೊಡ್ಡ ಅಂಗಡಿ ಇದೆ, ಇಂಗ್ಲಿಷ್ ಕಾಗದ ಓದಿ ಹೇಳಲು ನೀವೂ ಬನ್ನಿ ಎಂದು ಈರಣ್ಣ ಜೊತೆಗೆ ಹೊರಟ. ಬಸ್‌ಸ್ಟ್ಯಾಂಡಿಗೆ ಬಂದು ನೋಡುತ್ತೇನೆ, ತೊಡೆಯ ಮೇಲೆ ಕಲ್ಲಿನ ಆನೆ ಇಟ್ಟುಕೊಂಡು ಕೂತಿದ್ದಾನೆ.

ಗೊಂಬೆ ಕೆತ್ತುವವರ ಹತ್ತಿರ ಬೇಡಿ ತಂದದ್ದಂತೆ. ಕೆತ್ತುವಾಗ ಸೊಂಡಿಲು ಮುರಿದು ಮೂಲೆಗೆ ಬಿದ್ದಿದ್ದ ಆನೆ, ದೊಡ್ಡ ಕುಂಬಳಕಾಯಿಯಷ್ಟಿತ್ತು.

"ಇದೇನು?" ಎಂದೆ.

"ಟೆಸ್ಟಿಂಗಿಗೆ. ಅಂಗಡಿಯೋರು ಅವರ ಗೋಡೆ ಕೊರೆಯಾಕೆ ಬಿಡಲ್ಲ. ಒಂಬೈನೂರು ವರ್ಷ ಮಳೆ ಬಿಸಿಲು ತಡಕೊಂಡು ನಿಂತಿರೋ ಕಲ್ಲಿದು, ನಮ್ಮ ದೇವಸ್ಥಾನದ ಜಾತೀದು. ಇದನ್ನ ಕೊರೆದ ಮಿಷನ್ನು ಏನನ್ನಾದ್ರೂ ಕೊರೀತೈತೆ."

ಕಂಡಕ್ಟರು ಆನೆಗೆ ಲಗೇಜ್ ಟಿಕೆಟ್ ಕೇಳಿದರು. ತೊಡೆ ಮೇಲಿರುವುದಕ್ಕೆ ಟಿಕೆಟ್ ಯಾಕೆ, ಕೂಸಿಗೆ ಕೇಳ್ತೀರಾ ಎಂದು ಈರಣ್ಣ ವಾದಕ್ಕಿಳಿದ. ಜಾವಗಲ್ ದಾಟುವವರೆಗೂ ವಾದ ನಡೆಯಿತು. ಕೊನೆಗೆ ಕಂಡಕ್ಟರು, "ಸೊಂಡಿಲಿದ್ದಿದ್ರೆ ಟಿಕೆಟ್ ಹರೀತಿದ್ದೆ ನೋಡಿ, ಇರ್ಲಿ ಬಿಡಿ" ಎಂದು ಕೈಬಿಟ್ಟರು.

ಅಂಗಡಿಯ ಯಜಮಾನರು ಸಾವಧಾನಿ. ಎರಡು ಜಾತಿಯ ಮಿಷನ್ನು ಮುಂದಿಟ್ಟು ಹೇಳಿದರು: "ಈ ಚಿಕ್ಕದು ಇಟ್ಟಿಗೆ ಗೋಡೆಗೆ. ಒಳಗೆ ಎರಡು ಹಲ್ಲಿನ ಚಕ್ರ ಒಂದಕ್ಕೊಂದು ಉಜ್ಜಿ ಅದುರುತ್ತೆ, ನೂಕೋದು ಮಾತ್ರ ನೀವೇ. ಈ ದೊಡ್ಡದರಲ್ಲಿ ಒಳಗೇ ಒಂದು ಸುತ್ತಿಗೆ ಇದೆ, ಗಾಳಿ ಒತ್ತಡದಲ್ಲಿ ಅದೇ ಹೊಡೆಯುತ್ತೆ, ನೀವು ಹಿಡ್ಕೊಂಡ್ರೆ ಸಾಕು. ಕಾಂಕ್ರೀಟಿಗೆ ಇದೇ ಬೇಕು."

ಈರಣ್ಣ ಚಿಕ್ಕದನ್ನು ಆನೆಯ ಹೊಟ್ಟೆಗೆ ಇಟ್ಟು ಸ್ವಿಚ್ಚು ಒತ್ತಿದ. ಬೆಣ್ಣೆಗೆ ಬೆರಳಿಟ್ಟ ಹಾಗೆ ಒಳಗೆ ಹೋಯಿತು. ಇನ್ನೊಂದು ತೂತು ಹೊಡೆದ. ಅದೂ ಹೋಯಿತು. ಆನಂದದಲ್ಲಿ ಒಟ್ಟು ಐದು ತೂತು ಹೊಡೆದು, "ಒಯ್ಸಳರ ಕಲ್ಲಿಗೇ ಇದು ಸಾಕು, ಸ್ಕೂಲಿನ ಕಾಂಕ್ರೀಟ್ ಯಾವ ಲೆಕ್ಕ" ಎಂದ. ಯಜಮಾನರು ಏನೋ ಹೇಳಲು ಬಾಯಿ ತೆರೆದರು. ನಾನೇ ತಡೆದು, "ಪ್ರಯೋಗ ಮಾಡಿ ನೋಡಿದ ಮೇಲೆ ಇನ್ನೇನು ಮಾತು" ಎಂದೆ.

ಆ ಮಾತು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅದು ಬಳಪದ ಕಲ್ಲು. ಉಗುರಿನಲ್ಲಿ ಗೀರಿದರೂ ಗೆರೆ ಬೀಳುವಷ್ಟು ಮೆದು, ಅದಕ್ಕೇ ಅಲ್ಲಿ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಎಂದು ಪ್ರತಿವರ್ಷ ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದವಳು ನಾನು. ಊರಿನ ಅಭಿಮಾನ ತಲೆಗೇರಿದರೆ ಓದಿದ್ದೆಲ್ಲ ಹೊಳೆಗೆ ಹೋಗುತ್ತದೆ.

ಸೋಮವಾರ ಸ್ಕೂಲಿನ ತೊಲೆಗೆ ಆ ಮಿಷನ್ನು ಇಟ್ಟರೆ ಕಿರುಚಿತೇ ಹೊರತು ಕೊರೆಯಲಿಲ್ಲ. ಕೆಳಗೆ ನಾನು ಪಾಠ ನಿಲ್ಲಿಸಿ ಕೂತೆ. ಈರಣ್ಣ ಏಣಿಯ ಮೇಲೆ ಮೈಭಾರವೆಲ್ಲ ಹಾಕಿ ನೂಕಿದ. ಮಧ್ಯಾಹ್ನದ ಹೊತ್ತಿಗೆ ತೊಲೆಯಲ್ಲಿ ಒಂದು ಕಡಲೆಕಾಳು ಕೂರುವಷ್ಟು ಗುಳಿ ಬಿದ್ದಿತ್ತು. ಅವನ ಬಲಗೈಗೆ ಊಟದ ತುತ್ತು ಎತ್ತಲೂ ಆಗುತ್ತಿರಲಿಲ್ಲ. ಗೌರಮ್ಮ ಸ್ಕೂಲಿನ ಕಟ್ಟೆಯ ಮೇಲೆ ಎಲ್ಲರೆದುರೇ ಅವನಿಗೆ ತುತ್ತು ಮಾಡಿ ಬಾಯಿಗಿಟ್ಟಳು. ಬೈಯಲಿಲ್ಲ. ಅವಳು ಬೈಯದೆ ಇದ್ದದ್ದು ನೋಡಿ ನನಗೆ ಹೆದರಿಕೆಯಾಯಿತು.

"ತಪ್ಪು ನನ್ನದು ಈರಣ್ಣ" ಎಂದು ಕಲ್ಲಿನ ವಿಷಯ ಹೇಳಿದೆ.

ಅವನು, "ಅಂಗಾದ್ರೆ ಒಂಬೈನೂರು ವರ್ಷ ಅದು ಗಟ್ಟಿ ಇರೋದ್ರಿಂದ ನಿಂತಿಲ್ಲ. ಯಾರೂ ತೂತು ಹೊಡೀಲಿಲ್ಲ, ಅದಕ್ಕೆ ನಿಂತೈತೆ" ಎಂದ.

ಮುಂದಿನ ಶನಿವಾರ ಈರಣ್ಣನ ತೊಡೆಯ ಮೇಲೆ ಕಾಂಕ್ರೀಟಿನ ಗಟ್ಟಿ. ಅದೇ ತೊಲೆ ಹಾಕುವಾಗ ಮಿಕ್ಕಿದ್ದು, ಒಳಗೆ ಕಬ್ಬಿಣದ ಸರಳೂ ಇತ್ತು. ಅದೇ ಕಂಡಕ್ಟರು. ನೋಡಿ, ಒಂದು ಮಾತೂ ಆಡದೆ ಹಿಂದಿನ ಸೀಟಿಗೆ ಹೋಗಿಬಿಟ್ಟರು.

ಅಂಗಡಿಯ ಯಜಮಾನರು ದೊಡ್ಡ ಮನಸ್ಸಿನವರು, ಹಳೆಯದನ್ನು ವಾಪಸ್ ತಗೊಳ್ಳುತ್ತೇವೆ ಎಂದರು. ಒಳಗೇ ಸುತ್ತಿಗೆ ಇರುವ ಮೂರು ಮಿಷನ್ನು ಇಟ್ಟರು. ಈರಣ್ಣ ಒಂದೊಂದನ್ನೂ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳಿದ. ಕೊರೆಯುವ ಮೊನೆಯಾದ ಬಿಟ್ ಹಾಕಿ ತೆಗೆದ. ವೈರು ಎಷ್ಟುದ್ದ ಎಂದು ಮೊಳದಲ್ಲಿ ಅಳೆದ. ನಾನು ಕಾಗದ ಓದಿ ಅರ್ಥ ಹೇಳಿದೆ: ಬರೀ ತಿರುಗಿಸಬಹುದು, ತಿರುಗಿಸುತ್ತ ಹೊಡೆಸಬಹುದು, ಬರೀ ಹೊಡೆಸಲೂಬಹುದು. ಬಿಟ್ ಕಬ್ಬಿಣದ ಸರಳಿಗೆ ಸಿಕ್ಕಿಕೊಂಡರೆ ಮಿಷನ್ನು ತಾನೇ ಜಾರಿಕೊಂಡು ಕೈ ತಿರುಚದಂತೆ ಕಾಪಾಡುತ್ತದೆ.

"ಕಾಗದದಾಗೆ ಎಲ್ರೂ ಕಾಪಾಡ್ತಾರೆ" ಎಂದು ಈರಣ್ಣ ಮೊದಲನೆಯ ಮಿಷನ್ನನ್ನು ನನ್ನ ಕೈಗೆ ಕೊಟ್ಟ. "ಹಿಡೀರಿ. ನನ್ ಕೈ ಜೋಮು, ನೋವು ಗೊತ್ತಾಗಲ್ಲ. ನಿಮ್ಮ ಕೈ ಹೇಳ್ಬೇಕು."

"ನಾನಾ? ಇಲ್ಲೇನಾ?"

"ಪ್ರಯೋಗ ಮಾಡದೇ ತಗೊಂಡ್ರೆ ಹೆಂಗೆ ಟೀಚರಮ್ಮ?"

ಒಗೆದು ಇಸ್ತ್ರಿ ಮಾಡಿದ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅರಸೀಕೆರೆಯ ಪೇಟೆ ಬೀದಿಯಲ್ಲಿ, ಅಂಗಡಿ ಕಟ್ಟೆಯ ಮೇಲೆ, ನಾನು ಕಾಂಕ್ರೀಟ್ ಕೊರೆದೆ. ಜನ ಸೇರಿದರು. ಕೊಬ್ಬರಿ ಮಂಡಿಯವರು, ಹೂವಿನವಳು, ಆಟೋದವರು. ನಾನು ಮನೆ ಮುಟ್ಟುವ ಮೊದಲೇ ಅಮ್ಮನಿಗೆ ಸುದ್ದಿ ಹೋಗಿತ್ತು, ನಿಮ್ಮ ಮಗಳು ಕೆಲಸ ಬಿಟ್ಟು ಗಾರೆ ಕೆಲಸಕ್ಕೆ ಸೇರಿದ್ದಾಳೆ ಎಂದು. ಎರಡು ಮಿಷನ್ನು ಮೊಣಕೈವರೆಗೂ ಅದುರಿಸಿದವು. ಮೂರನೆಯದು ಗಟ್ಟಿಯೊಳಗೆ ಸಲೀಸಾಗಿ ಇಳಿಯುತ್ತ ಹೋಗಿ ಸರಳಿಗೆ ಸಿಕ್ಕಿಕೊಂಡಿತು. ಕಟಕಟ ಎಂದು ಸದ್ದಾಗಿ ಬಿಟ್ ತಿರುಗುವುದು ನಿಂತಿತು, ನನ್ನ ಕೈ ಇದ್ದಲ್ಲೇ ಇತ್ತು.

ಸುತ್ತ ನಿಂತವರೆಲ್ಲ ಮಿಷನ್ನನ್ನು ನೋಡುತ್ತಿದ್ದರು. ಈರಣ್ಣ ಮಾತ್ರ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದ. "ನೋಯ್ತಾ?" ಎಂದ. ಇಲ್ಲ ಎಂದೆ. "ಇದೇ ಸಾಕು" ಎಂದ.

ಸ್ಕೂಲಿನ ಕೆಲಸ ಹೇಳಿದ ಹೊತ್ತಿಗೆ ಶುರುವಾಗಿ ಮುಗಿಯಿತು, ಹಾಸನದವರು ಬರಲಿಲ್ಲ. ಅವನು ಮಿಷನ್ನು ಹಾಕಿದರೆ ನಮ್ಮ ಬೀದಿಯ ಲೈಟೆಲ್ಲ ಮಂಕಾಗಿ, ಟೀವಿಯಲ್ಲಿ ಧಾರಾವಾಹಿಯ ಸೊಸೆ ಕುಗ್ಗಿ ಅಂಗೈಯಷ್ಟಾಗುತ್ತಿದ್ದಳು. ಹೆಂಗಸರು ಬಂದು ಜಗಳ ಆಡಿದ ಮೇಲೆ, ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಮಾತ್ರ ಕೊರೆಯುವುದೆಂದು ಒಪ್ಪಂದವಾಯಿತು. "ಬಂತು ಈರಣ್ಣಾ" ಎಂದು ಯಾರಾದರೂ ಕಿಟಕಿಯಿಂದ ಕೂಗಿದರೆ ಗುರ್ ಎನ್ನುತ್ತಿತ್ತು.

ಆದರೆ ಆ ಮಿಷನ್ನಿನ ಮೊದಲ ತೂತು ಸ್ಕೂಲಿನದಲ್ಲ, ಅವನ ಮನೆಯದು. ತಂದ ಮಾರನೇ ದಿನವೇ, ಅರಿಶಿನ ಕುಂಕುಮ ಇಟ್ಟು, ನಡುಮನೆಯ ಗೋಡೆಗೆ ಹೊಡೆದಿದ್ದ. ಅಲ್ಲಿ ಮೇಲೆ ಅವನ ಅಪ್ಪ ಅವ್ವನ ಫೋಟೋಗಳಿದ್ದವು. ಅವುಗಳ ಪಕ್ಕಕ್ಕೆ, ಆದರೆ ಎರಡು ಅಡಿ ಕೆಳಗೆ, ಒಂದು ತೂತು. ಯಾರನ್ನೂ ನಿಲ್ಲಿಸಿ ಕೈ ಎತ್ತಿಸಿರಲಿಲ್ಲ.

"ನೋಡಿ ಟೀಚರಮ್ಮ, ಸಾಲು ಬಿಟ್ಟು ಎಲ್ಲೋ ಹೊಡ್ದವ್ರೆ. ಕರು ಕಟ್ಟಾಕೇನೋ" ಎಂದಳು ಗೌರಮ್ಮ.

"ಏನ್ ನೇತಾಕ್ತೀರಾ ಈರಣ್ಣ?" ಎಂದು ಅವನ ಪ್ರಶ್ನೆಯನ್ನೇ ಅವನಿಗೆ ಕೇಳಿದೆ.

"ಹೊಸ ಮಿಷನ್ನು, ಕೈ ಜಾರ್ತು" ಎಂದು ಕೊಡೆ ತಂದು ನೇತುಹಾಕಿದ. ನಾನು ನಕ್ಕೆ. ಊರಿಗೆಲ್ಲ ಅಳತೆ ಹೇಳುವವನ ಮನೆಯಲ್ಲೇ ಅಳತೆ ತಪ್ಪಿತಲ್ಲ ಎಂದು ಒಂದು ವಾರ ಸ್ಟಾಫ್‌ರೂಮಿನಲ್ಲಿ ಹೇಳಿಕೊಂಡು ನಗಾಡಿದೆ.

ಎರಡು ಸಾವಿರದ ಇಸವಿಯ ಆಚೆಗೆ ನನಗೆ ಗಂಡಸಿ ಎಂಬ ಊರಿಗೆ ವರ್ಗವಾಯಿತು. ಈರಣ್ಣ ಒಮ್ಮೆ ಅಲ್ಲಿಗೂ ಬಂದಿದ್ದ. ಬಂದವನೇ ಗೋಡೆ ತಟ್ಟಿ ಕಿವಿಯಿಟ್ಟು, "ಒಳ್ಳೆ ಗೋಡೆ. ಇಲ್ಲೇ ಇರಿ ಟೀಚರಮ್ಮ" ಎಂದ. ಬೆರಳು ಸರಿಹೋಗಿದೆ ಎಂದು ತೋರಿಸಲು ಕಾಫಿ ಲೋಟವನ್ನು ಬಲಗೈಯಲ್ಲೇ ಹಿಡಿದು ಕುಡಿದ. ಅದೇ ಕೊನೆ. ಮುಂದಿನ ವರ್ಷ ಜಗಲಿಯಲ್ಲಿ ಕೂತಿದ್ದ ಹಾಗೇ ಹೋಗಿಬಿಟ್ಟನಂತೆ. ನನಗೆ ಸುದ್ದಿ ಸಿಕ್ಕಿದ್ದು ತಿಥಿಯೆಲ್ಲ ಮುಗಿದ ಮೇಲೆ.

ಹಳೇಬೀಡಿಗೆ ಹೋದಾಗ ಗೌರಮ್ಮ ಹೂ ಕಟ್ಟುತ್ತಿದ್ದಳು. ಮಿಷನ್ನು ಪೆಟ್ಟಿಗೆಯಲ್ಲೇ ಮೂಲೆಯಲ್ಲಿತ್ತು. ಗೋಡೆಯ ಹತ್ತಿರ ಸಣ್ಣ ಮೇಜಿನ ಮೇಲೆ ಸೊಂಡಿಲಿಲ್ಲದ ಆನೆ, ಅದರ ಹೊಟ್ಟೆಯ ಐದು ತೂತಿನಲ್ಲಿ ಐದು ಊದುಬತ್ತಿ. ಅಳಬೇಕೋ ನಗಬೇಕೋ ಗೊತ್ತಾಗದೆ, ಎರಡನ್ನೂ ಮಾಡಿದೆ. ಗೌರಮ್ಮ ಮಾಲೆ ಹಿಡಿದು ಎದ್ದಳು. ಈರಣ್ಣನ ಫೋಟೋಗೆ ಹಾಕುತ್ತಾಳೆಂದು, ನಾನು ಹಳೆಯ ಅಭ್ಯಾಸದಲ್ಲಿ ಸ್ಟೂಲು ತರಲು ಒಳಗೆ ಹೊರಟೆ.

"ಸ್ಟೂಲ್ ಬ್ಯಾಡ ಟೀಚರಮ್ಮ" ಎಂದಳು.

ತಿರುಗಿ ನೋಡಿದೆ. ಅಪ್ಪ ಅವ್ವನ ಫೋಟೋಗಳು ಮೇಲೆಲ್ಲೋ ಇದ್ದವು. ಈರಣ್ಣ ಸಾಲು ಬಿಟ್ಟು ಎರಡು ಅಡಿ ಕೆಳಗೆ, ಕೊಡೆ ಇದ್ದ ಜಾಗದಲ್ಲಿ ಇದ್ದ. ಗೌರಮ್ಮ ಗೋಡೆಗೆ ಅಂಟಿ ನಿಂತು ಕೈ ಎತ್ತಿ ಹೂ ಹಾಕಿದಳು.

"ಹಿಮ್ಮಡಿ ಎತ್ತಂಗೂ ಇಲ್ಲ" ಎಂದಳು. "ಎಟಕ್ತೈತೆ."