ಸಾಹೇಬನ ನಾಲ್ಕನೇ ಸರ್ಟಿಫಿಕೇಟು

ಆ ಸಿನಿಮಾ ನೋಡಿ ನೀವೂ ನಕ್ಕಿರಬಹುದು. ಡಾಗ್ ಶೋಗಳ ಹುಚ್ಚು ಹಿಡಿದ ಜನರನ್ನು ಇಟ್ಟುಕೊಂಡು ಮಾಡಿದ ಆ ಹಾಸ್ಯಚಿತ್ರ ನಮ್ಮ ಊರಿನಲ್ಲೇ ಎಂಟು ವಾರ ಓಡಿತು. ಅದರಲ್ಲಿ ಒಬ್ಬ ಹೆಂಗಸು ಬರುತ್ತಾಳಲ್ಲ, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು, ಪಕ್ಕದಲ್ಲಿ ಕಪ್ಪು ಚುಕ್ಕೆಯ ಡಾಲ್ಮೇಷನ್ ನಾಯಿಯನ್ನು ನಿಲ್ಲಿಸಿಕೊಂಡು ಕ್ಯಾಮೆರಾ ಮುಂದೆ ಮಾತಾಡುವವಳು? ಅವಳು ನಟಿಯಲ್ಲ. ನನ್ನ ದೊಡ್ಡಮ್ಮ, ನಮ್ಮಮ್ಮನ ಅಕ್ಕ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ವಿಷಯಕ್ಕೂ ಬಾರದ ಕೋಪವನ್ನು ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕಲೇ?

ದೊಡ್ಡಮ್ಮ ಇಪ್ಪತ್ತಾರು ವರ್ಷಗಳಿಂದ ಒಂದು ರೆಡಿಮೇಡ್ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಲ್ಟರೇಷನ್ ಕೆಲಸ ಮಾಡುತ್ತಾಳೆ. ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಸೊಂಟ ಬಿಡಿಸುವುದು, ಕೆಟ್ಟ ಜಿಪ್ ಕಿತ್ತು ಹೊಸದು ಹಾಕುವುದು. ಆ ಕೋಣೆಗೆ ಕಿಟಕಿಯಿಲ್ಲ. ಒಂದು ಹೊಲಿಗೆ ಮೆಷಿನ್ನು, ಒಂದು ಇಸ್ತ್ರಿ ಮೇಜು, ತಲೆಯ ಮೇಲೆ ಒಂದು ಟ್ಯೂಬ್‌ಲೈಟು. ಗಿರಾಕಿಗಳು ಸ್ಟೂಲಿನ ಮೇಲೆ ಹತ್ತಿ ನಿಂತರೆ ಇವಳು ನೆಲದಲ್ಲಿ ಮಂಡಿಯೂರಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವರ ಕಾಲಿನ ಅಳತೆ ಹಿಡಿಯಬೇಕು. ಊರಿನ ಅರ್ಧ ಜನರ ಹಿಮ್ಮಡಿ ಗೊತ್ತು, ಮುಖ ಗೊತ್ತಿಲ್ಲ ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಏಳು ವರ್ಷದ ಹಿಂದೆ ನಾಯಿ ಸಾಕುವ ಗಿರಾಕಿಯೊಬ್ಬ ಪ್ಯಾಂಟು ಕೊಡಲು ಬಂದವನು, ಒಂದು ಮರಿಗೆ ಕಿವಿ ಕೇಳಿಸುವುದಿಲ್ಲ, ಯಾರಾದರೂ ಪುಕ್ಕಟೆ ಒಯ್ಯುತ್ತಾರಾ ಎಂದು ಕೇಳಿದನಂತೆ. ದೊಡ್ಡಮ್ಮ ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು. ನಾನು ಪ್ರಾಣಿಗಳ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಕೌಂಟರಿನಲ್ಲಿ ಕೂರುವವಳು. ನಮ್ಮ ಡಾಕ್ಟರರು ಆ ಮರಿಯ ಕಿವಿಯ ಹಿಂದೆ ಗಂಟೆ ಬಾರಿಸಿ ನೋಡಿ ನಕ್ಕುಬಿಟ್ಟರು. ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು, ಯಾರ ಮಾತನ್ನೂ ಅದು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ ಅಷ್ಟೆ. ಅವತ್ತೇ ದೊಡ್ಡಪ್ಪ ಅದಕ್ಕೆ ‘ಸಾಹೇಬ’ ಎಂದು ಹೆಸರಿಟ್ಟರು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ಮಾತು ಕಡಿಮೆ. ಆ ಮನೆಯಲ್ಲಿ ನಾಯಿಪಾಡು ಏನಿದ್ದರೂ ತನ್ನದು, ನಾಯಿಯದು ರಾಜಭೋಗ ಎನ್ನುವುದೊಂದೇ ಅವರ ದೂರು. ಹಾಗೆನ್ನುತ್ತಲೇ ಸಾಹೇಬನ ತಟ್ಟೆಗೆ ತಮ್ಮ ಪಾಲಿನ ಮೊಟ್ಟೆ ಹಾಕುತ್ತಿದ್ದರು.

ಶೋಗೆ ಕರೆದುಕೊಂಡು ಹೋಗುವ ಹುಚ್ಚು ಹೇಗೆ ಹತ್ತಿತೋ ಕಾಣೆ. ಪುಸ್ತಕ ಓದಿ, ಬೇರೆಯವರನ್ನು ನೋಡಿ, ದೊಡ್ಡಮ್ಮ ತಾನಾಗಿಯೇ ಕಲಿತಳು. ಸುತ್ತ ಹಗ್ಗ ಕಟ್ಟಿದ ರಿಂಗಿನಲ್ಲಿ ನಾಯಿ ಓಡಬೇಕು, ಆಮೇಲೆ ನಾಲ್ಕೂ ಕಾಲು ನೆಟ್ಟಗಿಟ್ಟು ಅಲ್ಲಾಡದೆ ನಿಲ್ಲಬೇಕು. ಜಡ್ಜ್ ಬಂದು ಗಲ್ಲದ ಕೆಳಗೆ ಕೈಯಿಟ್ಟು, ತುಟಿ ಎತ್ತಿ ಹಲ್ಲು ನೋಡುತ್ತಾರೆ, ಬೆನ್ನು ಸವರುತ್ತಾರೆ. ಗುರುತಿಲ್ಲದ ಕೈ ಬಾಯಿಗೆ ಬಂದಾಗಲೂ ಕದಲದೆ ನಿಲ್ಲಿಸುವುದೇ ದೊಡ್ಡ ವಿದ್ಯೆ. ಬೇಯಿಸಿದ ಲಿವರಿನ ಚೂರುಗಳನ್ನು ದೊಡ್ಡಮ್ಮ ಸೀರೆಯ ಸೊಂಟಕ್ಕೆ ಕಟ್ಟಿಕೊಳ್ಳಲು ತಾನೇ ಹೊಲಿದ ಜೇಬಿನಲ್ಲಿಟ್ಟುಕೊಂಡಿರುತ್ತಾಳೆ. ಸರಿಯಾಗಿ ನಿಂತರೆ ಒಂದು ಚೂರು, ತಪ್ಪಿದರೆ ಇಲ್ಲ. ಬೈಗುಳವಿಲ್ಲ, ಹೊಡೆತವಂತೂ ಕನಸಿನಲ್ಲೂ ಇಲ್ಲ. ನಾಲ್ಕು ಬೇರೆ ಬೇರೆ ಜಡ್ಜುಗಳು ನಾಲ್ಕು ಸರ್ಟಿಫಿಕೇಟು ಕೊಟ್ಟರೆ ನಾಯಿ ಚಾಂಪಿಯನ್. ಆರು ವರ್ಷದಲ್ಲಿ ಸಾಹೇಬ ಮೂರು ಗೆದ್ದ. ಕಳೆದ ವರ್ಷ ಅವನ ಹಿಂಗಾಲಿನ ಕೀಲು ಸವೆಯಲು ಶುರುವಾಯಿತು. ಇನ್ನೊಂದು ಶೋ ಓಡಿಸಿ, ಆಮೇಲೆ ಸಾಕು ಮಾಡಿ ಎಂದು ಡಾಕ್ಟರರು ಹೇಳಿಬಿಟ್ಟರು. ನಾಲ್ಕನೆಯದಕ್ಕೆ ಉಳಿದಿದ್ದು ಅದೊಂದೇ ಅವಕಾಶ.

ಅಷ್ಟರಲ್ಲಿ ಸಿನಿಮಾದವರು ಬಂದರು. ಬಂದದ್ದು ನನ್ನ ಕೌಂಟರಿಗೇ. ಬಿಸಿಲಿರಲಿ ನೆರಳಿರಲಿ ತಲೆಯಿಂದ ಟೋಪಿ ತೆಗೆಯದ ಒಬ್ಬ ನಿರ್ದೇಶಕ, ನಾಯಿಗೋಸ್ಕರ ಜೀವ ಬಿಡುವ ನಿಜವಾದ ಜನ ಬೇಕು ಎಂದ. ನಾಯಿ ಮತ್ತು ಮನುಷ್ಯರ ಪ್ರೀತಿಯ ಕಥೆಯಂತೆ. ಮಾತು ಬೆಣ್ಣೆ. ದೊಡ್ಡಮ್ಮನ ನಂಬರನ್ನು ಕೊಟ್ಟವಳು ನಾನೇ. ನನ್ನ ಕೈಗೆ ಲಕ್ವ ಹೊಡೆಯಬಾರದಿತ್ತೇ ಆ ಗಳಿಗೆಯಲ್ಲಿ!

ಶೂಟಿಂಗು ಎರಡು ದಿನ. ಮೊದಲ ದಿನ ಅವಳ ಆ ಕಿಟಕಿಯಿಲ್ಲದ ಕೋಣೆಯಲ್ಲೇ ದೀಪ ಹಾಕಿ ಮಾತಾಡಿಸಿದರು. ಯಾಕೆ ಇಷ್ಟು ಕಷ್ಟಪಡುತ್ತೀರಿ ಎಂದು ಟೋಪಿಯವನು ಮೆಲ್ಲಗೆ ಕೇಳಿದ. ನಾನು ಇಸ್ತ್ರಿ ಮೇಜಿನ ಪಕ್ಕದಲ್ಲೇ ನಿಂತಿದ್ದೆ. ದೊಡ್ಡಮ್ಮ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು:

“ದಿನವಿಡೀ ಬಗ್ಗೇ ಇರ್ತೀನಿ ನೋಡಿ, ಒಬ್ಬರಲ್ಲ ಒಬ್ಬರ ಕಾಲ ಹತ್ರ. ರಿಂಗಲ್ಲಿ ಅವನು ತಲೆ ಎತ್ತಿ ನಿಂತಾಗ ನಾನೂ ನೆಟ್ಟಗೆ ನಿಲ್ತೀನಿ. ವರ್ಷಕ್ಕೆ ಎರಡು ಸಲ. ಅಷ್ಟು ಸಾಕು ನಂಗೆ.”

ನನಗೆ ಕಣ್ಣು ತುಂಬಿಬಂತು. ಇಷ್ಟು ವರ್ಷ ನಮ್ಮ ಯಾರ ಹತ್ತಿರವೂ ಆಡದ ಮಾತನ್ನು ಆ ಮಹಾರಾಯನ ಹತ್ತಿರ ಆಡಿದ್ದಳು. ಅವನೂ ಕೈಮುಗಿದ.

ಎರಡನೇ ದಿನ ಮೈದಾನದಲ್ಲಿ ನಕಲಿ ಶೋ. ನಕಲಿ ಜಡ್ಜ್ ಬಂದು ಸಾಹೇಬನ ಗಲ್ಲಕ್ಕೆ ಕೈಯಿಟ್ಟ ಕೂಡಲೇ ಅವನು ದೊಪ್ಪೆಂದು ಬಿದ್ದು, ನಾಲ್ಕೂ ಕಾಲು ಮೇಲೆ ಮಾಡಿ ಮಲಗಬೇಕಂತೆ. ತನ್ನ ನಾಯಿ ಹಾಗೆಲ್ಲ ಮಾಡುವುದಿಲ್ಲ ಎಂದು ದೊಡ್ಡಮ್ಮ ಹೇಳಿದಳು. ಟೋಪಿಯವನು ಬಲು ನಯವಾಗಿ, ಕಲಿಸಲು ಆಗುವುದಿಲ್ಲವಾದರೆ ಬಿಡಿ, ಬೇರೆ ನಾಯಿ ತರಿಸುತ್ತೇನೆ ಎಂದ. ಅಲ್ಲೇ ನಮ್ಮ ದೊಡ್ಡಮ್ಮ ಬಲೆಗೆ ಬಿದ್ದಳು. ನಾಯಿಯವರಿಗೆ ಏನು ಬೇಕಾದರೂ ಅನ್ನಿ, ನಿಮ್ಮ ನಾಯಿಗೆ ಕಲಿಸಲು ಆಗುವುದಿಲ್ಲ ಎಂದು ಮಾತ್ರ ಅನ್ನಬೇಡಿ. ತನ್ನ ನಾಯಿಗೆ ಕಲಿಸಲಾಗದ್ದು ಯಾವುದೂ ಇಲ್ಲ ಎಂದು ತೋರಿಸಲು ಸೆರಗು ಬಿಗಿದು ನಿಂತಳು. ಮಧ್ಯಾಹ್ನ ಊಟದ ಹೊತ್ತಿಗೆ ಸಾಹೇಬ ಕಲಿತೂಬಿಟ್ಟ. ಹದಿನೇಳು ಸಲ ತೆಗೆದರು ಆ ದೃಶ್ಯವನ್ನು. ಹದಿನೇಳು ಸಲವೂ ಅವನು ಬಿದ್ದ, ಸುತ್ತಲಿನವರು ಘೊಳ್ಳೆಂದು ನಕ್ಕರು, ದೊಡ್ಡಮ್ಮ ಜೇಬಿಗೆ ಕೈಹಾಕಿ ಲಿವರ್ ಚೂರು ಕೊಟ್ಟಳು. ನಿಜವಾದ ಶೋ ಇದೆಯಲ್ಲ ಎಂದು ನಾನು ಕಿವಿಯಲ್ಲಿ ಹೇಳಿದರೆ, ಅದಕ್ಕಿನ್ನೂ ನಾಲ್ಕು ತಿಂಗಳಿದೆ, ಮರೆಸುವುದು ಕಲಿಸುವುದಕ್ಕಿಂತ ಕಷ್ಟವೇ ಎಂದು ನನ್ನನ್ನೇ ಗದರಿದಳು.

ಮೂರು ತಿಂಗಳಿಗೆ ಸಿನಿಮಾ ಬಂತು. ನಾವು ಮೂವರೂ ಮೊದಲ ದಿನವೇ ಹೋದೆವು. ದೊಡ್ಡಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದರು. ಪರದೆಯ ಮೇಲೆ ದೊಡ್ಡಮ್ಮ, ದಿನವಿಡೀ ಬಗ್ಗೇ ಇರ್ತೀನಿ ನೋಡಿ ಎಂದು ಶುರುಮಾಡಿದಳು. ಹಿಂದಿನಿಂದ ಪೀಪಿಯ ಸಂಗೀತ. ಮಾತು ನೆಟ್ಟಗೆ ನಿಲ್ತೀನಿ ಎನ್ನುವವರೆಗೂ ಕೇಳುತ್ತಲೇ ಇತ್ತು, ಚಿತ್ರ ಮಾತ್ರ ಬದಲಾಯಿತು: ರಸ್ತೆಯ ಬದಿಯಲ್ಲಿ ಅವಳು ಬಗ್ಗಿ ಸಾಹೇಬನ ಹೇಲನ್ನು ಕಾಗದದಲ್ಲಿ ಬಳಿದುಕೊಳ್ಳುತ್ತಿದ್ದಾಳೆ. ಬೆನ್ನ ಹಿಂದಿನಿಂದ, ಅವಳಿಗೆ ಗೊತ್ತಿಲ್ಲದಂತೆ ತೆಗೆದದ್ದು. ಥಿಯೇಟರು ಬಿದ್ದು ಬಿದ್ದು ನಕ್ಕಿತು. ನನ್ನ ಮುಂದಿನ ಸಾಲಿನ ದಡೂತಿಯೊಬ್ಬ ಕಣ್ಣೀರು ಒರೆಸಿಕೊಂಡ. ನನಗೆ ಮೈ ಉರಿದುಹೋಯಿತು. ರೀ ಸ್ವಾಮಿ, ಬೀದಿಯನ್ನು ಗಲೀಜು ಮಾಡಿಬಿಟ್ಟು ಹೋಗುವವರನ್ನು ನೋಡಿ ನಗಿ, ಬಳಿಯುವವಳನ್ನು ನೋಡಿ ಯಾಕೆ ನಗುತ್ತೀರಿ? ದೇಹ ಬಗ್ಗಿಸಿ ದುಡಿಯುವವಳು ಒಂದು ದಿನ ನೆಟ್ಟಗೆ ನಿಲ್ಲಬೇಕು ಎಂದರೆ ಅದರಲ್ಲಿ ತಮಾಷೆ ಎಲ್ಲಿದೆ? ನಾನು ಎದ್ದು ನಿಲ್ಲಲು ಹೋದರೆ ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು. ಮನೆಗೆ ಬರುವ ದಾರಿಯಲ್ಲಿ ಸಾಹೇಬ ಚೆನ್ನಾಗಿ ಕಂಡ ಎಂದಷ್ಟೇ ಹೇಳಿದಳು.

ಮಾರನೆಯ ದಿನದಿಂದ ಗಿರಾಕಿಗಳು ಅಳತೆ ಕೊಡುವ ನೆಪದಲ್ಲಿ ಸ್ಟೂಲು ಹತ್ತಿ, ಎಲ್ಲಿ, ಒಂದ್ಸಲ ನೆಟ್ಟಗೆ ನಿಲ್ಲಿ ನೋಡೋಣ ಎನ್ನತೊಡಗಿದರು. ಅಂಗಡಿಯ ಯಜಮಾನ ವ್ಯಾಪಾರಕ್ಕೆ ಒಳ್ಳೆಯದೆಂದು ಸಿನಿಮಾದ ಪೋಸ್ಟರನ್ನು ಬಾಗಿಲಿಗೇ ಅಂಟಿಸಿದ. ಟೋಪಿಯವನಿಗೆ ನಾನು ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಜನ ಪ್ರೀತಿಯಿಂದ ನಗುತ್ತಿದ್ದಾರೆ, ನೀವು ತಪ್ಪು ತಿಳಿದಿದ್ದೀರಿ ಎಂದ. ಪ್ರೀತಿಯಂತೆ, ಪ್ರೀತಿ! ಹಾಗಾದರೆ ಅವನ ತಾಯಿಯ ಬೆನ್ನ ಹಿಂದೆ ಕ್ಯಾಮೆರಾ ಇಟ್ಟು ಊರಿಗೆಲ್ಲ ಪ್ರೀತಿ ಹಂಚಲಿ.

ದೊಡ್ಡಮ್ಮನ ತಲೆಯಲ್ಲಿ ಇದ್ದದ್ದು ಬೇರೆ. ಮರೆಸುವುದು ಸುಲಭವಾಗಿರಲಿಲ್ಲ. ಶೂಟಿಂಗು ಮುಗಿದಾಗಿನಿಂದ ತಿಂಗಳುಗಟ್ಟಲೆ ಹೆಣಗಿದರೂ ಸಾಹೇಬ ಗಲ್ಲಕ್ಕೆ ಕೈ ಬಂದರೆ ಸಾಕು, ದೊಪ್ಪೆಂದು ಮಲಗುತ್ತಿದ್ದ. ಶೋಗೆ ನಾಲ್ಕೇ ವಾರ ಉಳಿದಾಗ ಅವಳು ಅಂಗಡಿಗೆ ಅರ್ಧ ದಿನದ ರಜೆ ಹಾಕತೊಡಗಿದಳು. ಅಡುಗೆಮನೆಯಿಂದ ಬಾಗಿಲವರೆಗಿನ ಓಣಿಯೇ ರಿಂಗು. ದೊಡ್ಡಪ್ಪ ಕೋಟು ಹಾಕಿಕೊಂಡು ಜಡ್ಜ್ ಆದರು, ಒಂದು ದಿನ ನಾನಾದೆ, ಒಂದು ದಿನ ಪಕ್ಕದ ಮನೆಯ ನರ್ಸಮ್ಮ ಬಂದರು. ಬಿದ್ದರೆ ಯಾರೂ ಮಾತಾಡಬಾರದು, ಮುಖ ತಿರುಗಿಸಬೇಕು, ಲಿವರ್ ಇಲ್ಲ. ನಿಂತರೆ ಎರಡು ಚೂರು. ಆ ಮನೆಯಲ್ಲಿ ನಾಲ್ಕು ವಾರ ಒಂದು ನಗುವೂ ಕೇಳಿಸಲಿಲ್ಲ. ನಗುವ ಮನಸ್ಸಾದರೂ ಯಾರಿಗಿತ್ತು? ಕೊನೆಯ ವಾರ ಅವನು ಪ್ರತಿಸಲವೂ ನಿಂತ. ದೊಡ್ಡಪ್ಪ ಒಂದೇ ಬೆಳಿಗ್ಗೆ ಮೂವತ್ತು ಸಲ ಹಲ್ಲು ನೋಡಿ, ಈ ಹಲ್ಲುಗಳ ಚಿತ್ರವನ್ನು ತಾನು ಕಣ್ಣುಮುಚ್ಚಿ ಬರೆಯಬಲ್ಲೆ ಎಂದರು.

ಶೋ ದಿನ ಮೈದಾನ ತುಂಬಿತ್ತು. ಎಂದೂ ನಾಯಿಯ ಕಡೆ ತಿರುಗಿ ನೋಡದವರೂ ಸಿನಿಮಾ ನೋಡಿ ಬಂದಿದ್ದರು. ಜಡ್ಜ್ ಹೊರಗಿನಿಂದ ಬಂದ ವಯಸ್ಸಾದ ಹೆಂಗಸು. ಕನ್ನಡಕ, ಗಂಟು ಮುಖ, ಸಿನಿಮಾ ನೋಡಿದಂತಿರಲಿಲ್ಲ. ಸಾಹೇಬ ಓಡಿದ. ಎಷ್ಟು ಚೆನ್ನಾಗಿ ಓಡಿದ ಎಂದರೆ ಅವನ ಕಾಲುನೋವು ಗೊತ್ತಿದ್ದ ನನಗೇ ನಂಬಲಾಗಲಿಲ್ಲ. ಬಂದು ನಿಂತ. ಪಕ್ಕದಲ್ಲಿ ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿ ನಿಂತಳು. ಜಡ್ಜಮ್ಮ ಬಗ್ಗಿ ಅವನ ಗಲ್ಲದ ಕೆಳಗೆ ಕೈಯಿಟ್ಟರು. ನನ್ನ ಪಕ್ಕದಲ್ಲಿ ದೊಡ್ಡಪ್ಪ ರಿಂಗಿನ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಸಾಹೇಬ ಅಲ್ಲಾಡಲಿಲ್ಲ. ಅವರು ತುಟಿ ಎತ್ತಿದರು, ಎಡಗಡೆ ನೋಡಿದರು, ಬಲಗಡೆ ನೋಡಿದರು. ಆಗಲೂ ನಿಂತೇ ಇದ್ದ.

ಆದರೆ ಜನರಿಗೆ ಆ ಕೈಯ ಗುರುತು ಸಿಕ್ಕಿತ್ತು. ಬೀಳುತ್ತಾನೆ ನೋಡು, ಈಗ ಬೀಳುತ್ತಾನೆ ಎಂದು ಯಾರೋ ಹಿಂದಿನಿಂದ ಅಂದರು. ಒಬ್ಬ ನಕ್ಕ. ಅವನ ಪಕ್ಕದವನು ನಕ್ಕ. ಆಮೇಲೆ ಇಡೀ ಸಾಲು ಘೊಳ್ಳೆಂದಿತು. ನಾನು ಸಾಹೇಬನ ಕಿವಿ ನಿಮಿರಿದ್ದನ್ನು ನೋಡಿದೆ. ಆ ಕ್ಷಣದಲ್ಲಿ ನಮ್ಮ ತಪ್ಪು ನನಗೆ ಹೊಳೆಯಿತು. ಹದಿನೇಳು ಸಲ ಲಿವರ್ ಚೂರಿಗಿಂತ ಮುಂಚೆ ಬಂದದ್ದು ಬರೀ ಕೈಯಲ್ಲ, ನಗು ಕೂಡ. ನಾವು ಕೈಯನ್ನು ಮರೆಸಿದ್ದೆವು. ನಗುವನ್ನು ಮರೆಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವನು ದೊಪ್ಪೆಂದು ಬಿದ್ದು ನಾಲ್ಕೂ ಕಾಲು ಮೇಲೆ ಮಾಡಿದ. ಮೈದಾನವೆಲ್ಲ ಚಪ್ಪಾಳೆ, ಶಿಳ್ಳೆ. ಜಡ್ಜಮ್ಮ ಸುತ್ತ ನೋಡಿದರು, ಸ್ವಲ್ಪ ಕಾದರು, ಮತ್ತೆ ನಿಲ್ಲಿಸಲು ಕೈಸನ್ನೆ ಮಾಡಿದರು. ಆದರೆ ಆ ಗದ್ದಲದಲ್ಲಿ ಅವನು ಏಳಲೇ ಇಲ್ಲ. ಅವರು ಕಾಗದದ ಮೇಲೆ ಏನೋ ಗೀಚಿ ಮುಂದಿನ ನಾಯಿಯ ಹತ್ತಿರ ಹೋದರು.

ನಾನು ಹಗ್ಗ ದಾಟಿ ಒಳಗೆ ನುಗ್ಗಿದೆ. ಜನರ ಕಡೆ ತಿರುಗಿ, ನಾಚಿಕೆಯಾಗಲ್ವಾ ನಿಮಗೆ, ಏನು ಹಾಳು ಮಾಡಿದಿರಿ ಗೊತ್ತಾ ಎಂದು ಗಂಟಲು ಹರಿಯುವಂತೆ ಕೂಗತೊಡಗಿದೆ. ದೊಡ್ಡಮ್ಮ ಆಗಲೇ ಹುಲ್ಲಿನ ಮೇಲೆ ಮಂಡಿಯೂರಿದ್ದಳು. ಮಲಗಿದ್ದಲ್ಲೇ ಬಾಲದಿಂದ ನೆಲ ಬಡಿಯುತ್ತ, ಅವಳ ಮುಖವನ್ನೇ ನೋಡುತ್ತಿದ್ದ ಸಾಹೇಬನಿಗೆ ಜೇಬಿನಲ್ಲಿದ್ದ ಚೂರುಗಳನ್ನೆಲ್ಲ ಒಂದೊಂದಾಗಿ ತಿನ್ನಿಸುತ್ತಿದ್ದಳು. ನನ್ನ ಕಡೆ ತಿರುಗದೆಯೇ ಹೇಳಿದಳು:

“ಮೆಲ್ಲಗೆ ಮಾತಾಡೇ. ಅವನು ಗೆದ್ದೆ ಅಂದ್ಕೊಂಡಿದಾನೆ.”