ಎರಡನೇ ಹಾಡಿನ ಗುಡುಗು

ಪ್ರಾಣೇಶ ಮಾಸ್ತರರು ಗುಲಬರ್ಗಾದ ಒಂದು ವಾರಪತ್ರಿಕೆಗೆ ಹನ್ನೊಂದು ವರ್ಷದಿಂದ ಸಂಗೀತ ವಿಮರ್ಶೆ ಬರೆಯುತ್ತಿದ್ದರು. ಅಷ್ಟು ವರ್ಷಗಳಲ್ಲಿ ಒಬ್ಬರನ್ನೂ ಹೊಗಳಿರಲಿಲ್ಲ. ಸೇಡಂ, ಚಿತ್ತಾಪುರದ ಕಡೆ ಹಾಡಲು ಕೂತವರು ಮೊದಲು ಸಭೆಯಲ್ಲಿ ಅವರ ದಪ್ಪ ಕನ್ನಡಕ ಕಾಣುತ್ತದೆಯೇ ಎಂದು ನೋಡಿ, ಆಮೇಲೆ ಶ್ರುತಿ ಹಿಡಿಯುತ್ತಿದ್ದರು. ಮಾಸ್ತರರಿಗೆ ಇದರಿಂದ ಒಳಗೊಳಗೇ ಭಾರೀ ಖುಷಿ. ಶಾಲೆಯಲ್ಲಿ ಅವರ ಗಣಿತಕ್ಕೆ ಯಾರೂ ಹೆದರುತ್ತಿರಲಿಲ್ಲ. ಎಲ್ಲಾದರೂ ಒಂದು ಕಡೆ ಹೆದರಬೇಕಲ್ಲ.

ಇಂಥವರ ಕೈಗೆ ೧೯೯೯ರಲ್ಲಿ ಒಂದು ಕ್ಯಾಸೆಟ್ ಬಂತು. ಶಹಾಬಾದಿನ ನಾಲ್ವರು ತರುಣರು ತಮ್ಮೂರ ಹಾಸುಗಲ್ಲಿನ ಹೆಸರನ್ನೇ ಇಟ್ಟುಕೊಂಡು 'ಫರಸಿ' ಎಂಬ ರಾಕ್ ತಂಡ ಕಟ್ಟಿ, ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ತಂದ ಮೊದಲ ಕ್ಯಾಸೆಟ್ ಅದು. ಒಟ್ಟು ಎಂಟು ಹಾಡು.

ಮಾಸ್ತರರು ಸೇಡಂನಿಂದ ರಾವೂರಕ್ಕೆ ವರ್ಗವಾಗಿ ಬಂದ ಮರುದಿನ. ಇನ್ನೂ ಗಂಟುಮೂಟೆ ಪೂರಾ ಬಿಚ್ಚಿರಲಿಲ್ಲ. ಕಿಟಕಿ ಬಾಗಿಲು ಹಾಕಿ ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿ ಕೂತರು. ಮೊದಲ ಹಾಡಿಗೆ ಮೂಗು ಮುರಿದರು. ಎರಡನೆಯದು ಮುಗಿಯುತ್ತಲೇ ಢಂ ಎಂದು ಎಂಥ ಸದ್ದಾಯಿತೆಂದರೆ ನೆಲ ನಡುಗಿ, ಅಡಿಗೆಮನೆಯಲ್ಲಿ ತಾಟುಗಳು ಉರುಳಿದವು.

"ಏನಾತ್ರಿ?" ಎಂದು ಹೆಂಡತಿ ವೃಂದಾಬಾಯಿ ಓಡಿ ಬಂದರು.

"ಸುಮ್ನಿರು! ಡ್ರಮ್ ಬಾರಿಸೂದಂದ್ರ ಇದು!" ಎನ್ನುತ್ತ ಮಾಸ್ತರರು ಟೇಪ್ ಬಂದ್ ಮಾಡಿ ಕಾಗದ ತೆಗೆದರು.

"ಉಳಿದ ಏಳು ಹಾಡುಗಳನ್ನು ಕ್ಷಮಿಸಬಹುದು. ಎರಡನೆಯದರ ಕೊನೆಯ ಗುಡುಗೊಂದೇ ಸಾಕು" ಎಂದು ಆ ವಾರ ಅಚ್ಚಾಯಿತು. ಮಾಸ್ತರರು ಹೊಗಳಿದ್ದಾರೆಂಬ ಸುದ್ದಿ ವಾಡಿಯಿಂದ ಚಿಂಚೋಳಿವರೆಗೂ ಹಬ್ಬಿ ಕ್ಯಾಸೆಟ್ ಖಾಲಿಯಾದವು.

ಊರ ಹೊರಗಿನ ಗಣಿಯಲ್ಲಿ ಮಧ್ಯಾಹ್ನ ಒಂದಕ್ಕೆ ಮದ್ದಿಟ್ಟು ಬಂಡೆ ಒಡೆಯುತ್ತಾರೆಂದು ವೃಂದಾಬಾಯಿಗೆ ಪಕ್ಕದ ಮನೆಯ ಗುಂಡಮ್ಮನಿಂದ ನಾಲ್ಕೇ ದಿನದಲ್ಲಿ ತಿಳಿಯಿತು. ಮಾಸ್ತರರೂ ಆ ಸದ್ದನ್ನು ಶಾಲೆಯಲ್ಲಿ ದಿನಾ ಕೇಳುತ್ತಿದ್ದರು. ಆದರೆ ಗಣಿ ಗಣಿಯೇ, ಕಲೆ ಕಲೆಯೇ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಗಣಿತದ ಮಾಸ್ತರರಿಗೆ ಬರಲಿಲ್ಲ. ವೃಂದಾಬಾಯಿಯೂ ಬಾಯಿ ಬಿಡಲಿಲ್ಲ. ಹೊಗಳುವ ಹುಮ್ಮಸ್ಸಿನಲ್ಲಿ ಗಂಡ ಒಂದು ದಿನ ಅವರ ಸಾರನ್ನೂ ಹೊಗಳಿದ್ದರು, ಅದೂ ಮದುವೆಯಾದಂದಿನಿಂದ ಮೊದಲ ಸಲ.

ಒಂದು ಶನಿವಾರ ಮಾಸ್ತರರು ಮುಂಜಾನೆಯ ಶಾಲೆ ಮುಗಿಸಿ ಬಂದಾಗ ತಂಡದ ಹಾಡುಗಾರ ಶೌಕತ ಅಲಿ, ಡ್ರಮ್ಮಿನ ಮಲ್ಲು ಕಟ್ಟೆಯ ಮೇಲೆ ಕಾಯುತ್ತಿದ್ದರು.

"ಸರ್, ಆ ಗುಡುಗು ಎಲ್ಲಿ ಅದರಿ?" ಎಂದ ಶೌಕತ ಅಲಿ. "ಗುಡುಗಿಲ್ಲಂತ ಮಂದಿ ಕ್ಯಾಸೆಟ್ ವಾಪಸ್ ತರಲಿಕತ್ತಾರ. ನಾವೂ ಮೂರು ದಿನದಿಂದ ಹುಡುಕಲಿಕತ್ತೀವ್ರಿ."

"ನಾ ಖರೇನೆ ಹೊಡದಿಲ್ರಿ ಸರ್," ಎಂದ ಮಲ್ಲು. "ಹೊಡದಿದ್ರ ನನಗ ಗೊತ್ತಾಗ್ತಿರ್ಲಿಲ್ಲೇನ್ರಿ?"

ಮಾಸ್ತರರು ಎರಡನೇ ಹಾಡು ಹಚ್ಚಿದರು. ಹಾಡು ಮುಗಿಯಿತು. ಗುಡುಗೂ ಇಲ್ಲ, ಮಿಂಚೂ ಇಲ್ಲ. "ನಿಮ್ಮ ಕಿವಿ ಇನ್ನಾ ತಯಾರಾಗಿಲ್ಲ" ಎಂದು ಗತ್ತಿನಿಂದ ಹೇಳಿದರಾದರೂ ಗಡಿಬಿಡಿಯಲ್ಲಿ ಟೇಪನ್ನು ಹಿಂದಕ್ಕೆ ಸುತ್ತಿದರು. ಹನ್ನೊಂದು ವರ್ಷ ಹೆದರಿದ ಜನ ಇನ್ನು ಸಂತೆಯಲ್ಲಿ ಬೆರಳು ಮಾಡಿ ನಗುತ್ತಾರೆ. ಮಾಸ್ತರರಿಗೆ ನಿಜವಾಗಿ ಭಯವಾಯಿತು.

ವೃಂದಾಬಾಯಿ ಗಡಿಯಾರ ನೋಡಿದರು. "ಮೊದಲ ಚಹಾ ಕುಡೀರಿ," ಎಂದರು. ಐದು ನಿಮಿಷ ಬಿಟ್ಟು, "ಈಗ ಇನ್ನೊಮ್ಮೆ ಹಚ್ರಿ."

ಹಾಡು ಮುಗಿಯಿತು. ಢಂ! ತಾಟುಗಳು ಉರುಳಿದವು. ಮೊದಲು ನಕ್ಕವನು ಮಲ್ಲು, ಆಮೇಲೆ ಶೌಕತ ಅಲಿ. ವೃಂದಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಮಾಸ್ತರರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಉಳಿದ ಆರು ಹಾಡು ಹಚ್ರಿ," ಎಂದರು ಮೆಲ್ಲಗೆ. "ಅವತ್ತು ನಾ ಕೇಳೇ ಇಲ್ಲ."

ಇದಕ್ಕೆ ಮಾತ್ರ ಯಾರೂ ನಗಲಿಲ್ಲ. ಊಟ ಮಾಡುತ್ತ ಆರೂ ಹಾಡು ಕೇಳಿದರು. ಐದನೆಯದನ್ನು ಮಾಸ್ತರರು ಎರಡು ಸಲ ಹಾಕಿಸಿದರು. ಮುಂದಿನ ವಾರ ನಡೆದದ್ದನ್ನೆಲ್ಲ ಬರೆದು, ಗುಡುಗು ಗಣಿಯದು, ಐದನೇ ಹಾಡು ಮಾತ್ರ ಈ ಹುಡುಗರದೇ, ಅದು ಚೆನ್ನಾಗಿದೆ ಎಂದು ಒಪ್ಪಿಕೊಂಡರು.

ಕ್ಯಾಸೆಟ್ಟಿನ ಎರಡನೇ ಮುದ್ರಣದಲ್ಲಿ ತಂಡದವರು ಗಣಿಯ ಸದ್ದನ್ನೂ ಸೇರಿಸಿದರು. ಹೊದಿಕೆಯ ಒಳಗೆ ಹೀಗೆ ಅಚ್ಚಾಗಿತ್ತು: 'ಗುಡುಗು – ಪ್ರಾಣೇಶ ಮಾಸ್ತರ್, ರಾವೂರ.'

ಮಾಸ್ತರರು ಅದನ್ನು ಕಣ್ಣ ಹತ್ತಿರ ಹಿಡಿದು ಮೂರು ಸಲ ಓದಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಅಕ್ಷರ ಭಾಳ ಸಣ್ಣದಾಯಿತೆಂದು ತಪ್ಪು ತೆಗೆದರು.