ಮಾವನವರ ಎದುರಿನ ಕುರ್ಚಿ

೧೯೪೨ರ ಬೇಸಿಗೆ. ಆದೋನಿ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ನನಗೆ ಇಪ್ಪತ್ತೆರಡು ವರ್ಷ. ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ವಿಷಮಜ್ವರದಿಂದ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅತ್ತೆ, ಮಾವ, ನಾನು, ಮೂವರೇ ಮನೆಯಲ್ಲಿ. ಮಾವನವರದು ಪೇಟೆಯಲ್ಲಿ ಹತ್ತಿ ವ್ಯಾಪಾರ.

ಒಂದು ಮಧ್ಯಾಹ್ನ ಊಟಕ್ಕೆ ಬಂದ ಮಾವ ಅತ್ತೆಗೆ ಹೇಳಿದರು: "ಹೆಣ್ಣುಮಕ್ಕಳ ಸಾಲ್ಯಾಗ ಕನ್ನಡ ಕಲಿಸಾಕ ಒಬ್ಬಾಕಿ ಬೇಕಂತ. ಅರ್ಜಿ ಹಾಕ್ತಾಳೇನು ಕೇಳು."

ನಾನು ಅಲ್ಲೇ ಎರಡು ಮಾರು ದೂರದಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಆದರೂ ಮಾತು ಅತ್ತೆಯ ಮೂಲಕವೇ ಬರಬೇಕು. ಮದುವೆಯಾಗಿ ಆರು ವರ್ಷದಲ್ಲಿ ಮಾವನವರೂ ನಾನೂ ನೇರವಾಗಿ ಮಾತಾಡಿದ್ದೇ ಇಲ್ಲ. ಮಗ ಹೋದ ದಿನವೂ ಅವರು ಅಂಗಳದಲ್ಲಿ, ನಾನು ಒಳಗೆ.

"ಹಾಕ್ತೀನಂತ ಹೇಳ್ರಿ," ಎಂದೆ ಅತ್ತೆಗೆ.

ಗೋನೆಗಂಡ್ಲದ ನನ್ನ ತಂದೆ ನನ್ನನ್ನು ಎಂಟನೆಯ ತರಗತಿಯವರೆಗೆ ಓದಿಸಿದ್ದರು. ಅರ್ಜಿ ಹೋಯಿತು, ಕೆಲವು ದಿನಕ್ಕೆ ಸಂದರ್ಶನಕ್ಕೆ ಬರಬೇಕೆಂದು ಕಾಗದ ಬಂತು. ಸಂದರ್ಶನದಲ್ಲಿ ಏನು ಮಾಡುತ್ತಾರೋ ನಮಗ್ಯಾರಿಗೂ ತಿಳಿಯದು. ಮಾವನವರು ಪೇಟೆಯಲ್ಲಿ ವಿಚಾರಿಸಿ ಬಂದರು. ಕುರ್ಚಿಯ ಮೇಲೆ ಕೂರಿಸುತ್ತಾರಂತೆ, ಮುಖ ನೋಡಿ ಉತ್ತರ ಹೇಳಬೇಕಂತೆ. ಮರುದಿನವೇ ಅಂಗಡಿಯ ಎರಡು ಕುರ್ಚಿ ತರಿಸಿ ಪಡಸಾಲೆಯಲ್ಲಿ ಎದುರುಬದುರು ಹಾಕಿಸಿದರು.

"ಆಕಿಗೆ ಕುಂದ್ರಾಕ ಹೇಳು. ನಾ ಆಫೀಸರ್ ಆಗ್ತೀನಿ," ಎಂದರು.

ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. "ಮಾವನ ಮುಂದ ಸೊಸಿ ಕುರ್ಚಿ ಮ್ಯಾಲೆ ಕುಂದ್ರಾದೇನ್ರಿ?"

"ಆಫೀಸರ್ ಮುಂದ ಕುಂದ್ರತಾಳ."

ಕುರ್ಚಿಯ ಅಂಚಿನಲ್ಲಿ ಕೂತೆ. ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

"ನಿಮ್ಮ ಹೆಸರೇನ್ರಿ?" ಎಂದು ಮಾವ ಕೇಳಿದರು. ಅವರ ಬಾಯಲ್ಲಿ ನನಗೆ 'ರಿ' ಎನ್ನುವುದು ಕೇಳಿ ನಗು ಉಕ್ಕಿ ಬಂತು, ತಡೆದುಕೊಂಡೆ.

ಮೂರು ದಿನ ಹೆಸರು, ಊರು, ಮಗ್ಗಿ, ಇವೇ ನಡೆದವು. ನಾಲ್ಕನೆಯ ದಿನ "ನಿಮ್ಮ ಯಜಮಾನರ ಹೆಸರು?" ಎಂದರು.

ಗಂಡನ ಹೆಸರನ್ನು ನಾವು ಬಾಯಲ್ಲಿ ಹೇಳುತ್ತಿರಲಿಲ್ಲ. ತಲೆ ತಗ್ಗಿಸಿದೆ.

"ಅರ್ಜ್ಯಾಗ ಬರದೀರಿ. ಅಲ್ಲಿ ಬಾಯಿಲೆ ಕೇಳ್ತಾರ. ಹೇಳ್ರಿ."

"ಚೆನ್ನಬಸಪ್ಪ," ಎಂದೆ.

ಒಂದೂವರೆ ವರ್ಷದಿಂದ ಆ ಮನೆಯಲ್ಲಿ ಯಾರೂ ಆ ಹೆಸರು ಎತ್ತಿರಲಿಲ್ಲ. ಮಾವನವರು ಕೈಯಲ್ಲಿದ್ದ ಕಾಗದವನ್ನೇ ನೋಡುತ್ತ ಕೂತರು. ಅದು ಖಾಲಿ ಕಾಗದ. "ಇವತ್ತಿಗೆ ಸಾಕು," ಎಂದು ಎದ್ದು ಹೋದರು.

ಇನ್ನು ಈ ಪಾಠ ಮುಗಿಯಿತು ಎಂದುಕೊಂಡೆ. ಆದರೆ ಮರುದಿನ ಅವರು ಹೊತ್ತಿಗೆ ಮುಂಚೆಯೇ ಬಂದು ಕೂತಿದ್ದರು.

"ತೆಲುಗು ಓದಾಕ ಬರ್ತೈತೇನ್ರಿ?"

"ಬರ್ತೈತ್ರಿ. ನಮ್ಮ ಯಜಮಾನರು ಕಲಿಸಿದ್ರು. ದಿನಾ ಸಂಜಿಕ ಪಾಟಿ ಮ್ಯಾಲೆ ಬರೆಸ್ತಿದ್ರು."

ಮಾವ ಅತ್ತೆಯ ಕಡೆ ನೋಡಿದರು. ಅತ್ತೆಗೂ ಇದು ಹೊಸ ಸಂಗತಿ. ಆಮೇಲೆ ಮಾವ ಕೇಳಿದರು: "ಅಂಗಡಿ ಬಗ್ಗೆ ಅವರು ಏನಂತಿದ್ರು?"

"ಆಫೀಸರ್ರು ಇದನ್ನೆಲ್ಲಾ ಕೇಳ್ತಾರೇನ್ರಿ?" ಎಂದರು ಅತ್ತೆ.

"ಕೇಳಿದ್ರೂ ಕೇಳಬಹುದು," ಎಂದರು ಮಾವ, ನನ್ನ ಮುಖದಿಂದ ಕಣ್ಣು ತೆಗೆಯದೆ.

ಅಂಗಡಿಯಲ್ಲಿ ಕೂರುವುದಿಲ್ಲವೆಂದು ಮಗ ಹಟ ಹಿಡಿದದ್ದಕ್ಕೆ ಅಪ್ಪ ಮಗ ಮಾತು ಬಿಟ್ಟಿದ್ದರು. ಜ್ವರ ಬಂದದ್ದು ಆ ದಿನಗಳಲ್ಲೇ. ನಾನು ತಲೆ ತಗ್ಗಿಸದೆ ಹೇಳಿದೆ: "ಅಪ್ಪ ಹತ್ತಿ ಎಳಿ ಜಗ್ಗಿ ಗುಣ ಹೇಳೂದು ನೋಡಬೇಕು, ಅಂಥಾ ಕೈ ನಂದಲ್ಲ, ನಾ ಕುಂತ್ರ ಅಂಗಡಿ ಹೆಸರು ಕೆಡ್ತೈತಿ ಅಂತಿದ್ರು. ಸಿಟ್ಟಿಗಲ್ರಿ ಅವರು ಅಂಗಡಿಗೆ ಬರದಿದ್ದದ್ದು."

ಮಾವನವರು ಹೆಗಲ ಮೇಲಿನ ವಸ್ತ್ರ ತೆಗೆದು ಮುಖಕ್ಕೆ ಒತ್ತಿಕೊಂಡರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ, "ಏಳರ ಮಗ್ಗಿ ಹೇಳ್ರಿ," ಎಂದರು. ಹೇಳಿದೆ.

ಅಂದಿನಿಂದ ಮಗ್ಗಿಯ ನಡುನಡುವೆ ಇಂಥ ಪ್ರಶ್ನೆಗಳು ಬರತೊಡಗಿದವು. ನನ್ನ ಗಂಡನಿಗೆ ಯಾವ ಪಲ್ಲೆ ಸೇರುತ್ತಿತ್ತು, ರಾತ್ರಿ ಏನು ಓದುತ್ತಿದ್ದರು. ನನಗೂ ಕುತೂಹಲ ಹುಟ್ಟಿತು. ಒಂದು ದಿನ ಧೈರ್ಯ ಮಾಡಿ, "ನಾನೂ ಒಂದು ಕೇಳಬಹುದೇನ್ರಿ? ಸಣ್ಣವರಿದ್ದಾಗ ಅವರು ಹೆಂಗಿದ್ರು?" ಎಂದೆ.

"ಎಂಟು ವರ್ಷದಾವ ಇದ್ದಾಗ ಒಬ್ಬನೇ ಪೆದ್ದಹರಿವಾಣ ಊರಿನತನಕ, ಅಷ್ಟು ದೂರ, ನಡಕೊಂಡು ಹೋಗಿದ್ದ. ಯಾಕಪಾ ಅಂದ್ರ, ದಾರಿ ಎಲ್ಲಿ ಮುಗೀತೈತಿ ನೋಡಾಕ ಅಂದ," ಎಂದು ಮಾವ ನಕ್ಕರು. ಅವರು ನಗುವುದನ್ನು ನಾನು ಕಂಡದ್ದು ಅದೇ ಮೊದಲು.

ಸಂದರ್ಶನದ ದಿನ ಮಾವನವರೇ ಕರೆದುಕೊಂಡು ಹೋದರು. ಒಳಗೆ ಕನ್ನಡಕ ಹಾಕಿದ ಒಬ್ಬ ಹೆಣ್ಣುಮಗಳು "ಕೂರ್ಚೋಮ್ಮ," ಎಂದು ತೆಲುಗಿನಲ್ಲಿ ಹೇಳಿ ಕುರ್ಚಿ ತೋರಿಸಿದರು. ಕನ್ನಡದ ಒಂದು ಪುಟ, ತೆಲುಗಿನ ಒಂದು ಪುಟ ಓದಿಸಿದರು. ತಂದೆಯ ಹೆಸರು, ಗಂಡನ ಹೆಸರು ಕೇಳಿದರು. ತಡವರಿಸದೆ ಹೇಳಿದೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಮಾವ ಹೊರಗೆ ಬೇವಿನ ನೆರಳಲ್ಲಿ ನಿಂತಿದ್ದರು. ಪೇಟೆಯ ನಡುವೆ ಬರುವಾಗ, ಅಂಗಡಿಯವರೆಲ್ಲ ನೋಡುತ್ತಿದ್ದಂತೆ, ನನ್ನ ಕಡೆ ತಿರುಗಿ, "ಏನ್ ಕೇಳಿದ್ರವ್ವಾ?" ಎಂದರು. ಆಗ ಅವರು ಆಫೀಸರ್ ಆಗಿರಲಿಲ್ಲ. ನಾನು ಅವರ ಪಕ್ಕದಲ್ಲೇ ನಡೆಯುತ್ತ ಎಲ್ಲವನ್ನೂ ಹೇಳಿದೆ.

ಕೆಲಸ ಸಿಕ್ಕಿತು. ಅದೇ ಊರಿನಲ್ಲಿ ಮೂವತ್ತಮೂರು ವರ್ಷ ಪಾಠ ಹೇಳಿದೆ. ಮಾವನವರು ಬದುಕಿರುವವರೆಗೂ ನಾವು ಮಾತಾಡುತ್ತಲೇ ಇದ್ದೆವು. ಆದರೂ ಒಂದು ಸಂಗತಿ ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಮಗ ಸಿಟ್ಟಿನಲ್ಲೇ ಹೋದನೆಂದು ಅವರು ಒಂದೂವರೆ ವರ್ಷ ಒಳಗೊಳಗೇ ಬೆಂದಿದ್ದರು. ಹಾಗಲ್ಲವೆಂಬುದು ನನಗೆ ಗೊತ್ತಿತ್ತು. ನಾನು ಅದೇ ಮನೆಯಲ್ಲಿ ಅವರಿಗೆ ದಿನಾ ಎರಡು ಹೊತ್ತು ರೊಟ್ಟಿ ಬಡಿದು ಅತ್ತೆಯ ಕೈಯಲ್ಲಿ ಕಳಿಸುತ್ತಿದ್ದೆ, ಆ ಒಂದು ಮಾತನ್ನು ಮಾತ್ರ ಕಳಿಸಲಿಲ್ಲ.